ಬೋಲ್ಟಿನ ಗೆರೆ ಮತ್ತು ಮುಹೂರ್ತದ ಹತ್ತಿ

ಸಿಮೆಂಟ್ ರೇಕಿನ, ಅಂದರೆ ಶೀಟಿನ, ಚಾವಣಿ ಹತ್ತುವವರಿಗೆಲ್ಲ ಒಂದೇ ಕಟ್ಟಳೆ: ಬೋಲ್ಟಿನ ಗೆರೆ ಬಿಟ್ಟು ಕಾಲಿಡಬಾರದು. ರೇಕು ನೋಡಲು ಬಂಡೆಯಂತೆ ಕಂಡರೂ ಜಾತಿಯಲ್ಲಿ ಹಪ್ಪಳ. ಅದರ ಕೆಳಗೆ ಅಡ್ಡಡ್ಡ ಹಾಯ್ದ ಕಬ್ಬಿಣದ ಪಟ್ಟಿಗಳಿರುತ್ತವೆ, ಅವನ್ನು ನಾವು ಪರ್ಲಿನ್ ಅನ್ನುತ್ತೇವೆ. ಕೊಕ್ಕೆ ಬೋಲ್ಟಿನಿಂದ ರೇಕನ್ನು ಆ ಪರ್ಲಿನ್‌ಗೆ ಸಿಕ್ಕಿಸಿರುತ್ತಾರೆ. ಹೀಗಾಗಿ ಮೇಲೆ ಬೋಲ್ಟು ಕಂಡಲ್ಲಿ ಕೆಳಗೆ ಕಬ್ಬಿಣವಿದೆ ಎಂದೇ ಅರ್ಥ. ಆ ಗೆರೆಯ ಮೇಲೆ ನಡೆದವನು ಸಂಜೆ ಮನೆಗೆ ಹೋಗುತ್ತಾನೆ, ಗೆರೆ ಬಿಟ್ಟವನು ಆಸ್ಪತ್ರೆಗೆ ಹೋಗುತ್ತಾನೆ. ಈ ಪಾಠವನ್ನು ನನಗೆ ಹೇಳಿಕೊಟ್ಟವನು ನನ್ನ ಅಕ್ಕನ ಗಂಡ. ಕೋಸಗಿಯಿಂದ ಕೂಲಿ ಹುಡುಕಿಕೊಂಡು ದೂರದ ಊರುಗಳಿಗೆ ಹೋಗಿ, ರೇಕು ಹೊದಿಸುವುದನ್ನು ಕಲಿತು ಬಂದವನು. ಆದವಾನಿಯಲ್ಲಿ ಚಾವಣಿ ಗುತ್ತಿಗೆ ಹಿಡಿಯುವವನು ನಾನು, ಆದರೆ ಚಾವಣಿಯ ಮೇಲೆ ಇಂದಿಗೂ ಅವನೇ ನನ್ನ ಮೇಸ್ತ್ರಿ.

ಆ ಸಲ ಒಪ್ಪಿಕೊಂಡಿದ್ದು ಊರಾಚೆಯ ಒಂದು ಹಳೆಯ ಜಿನ್ನಿಂಗ್ ಮಿಲ್ಲಿನ ಕೆಲಸ. ಹತ್ತಿಯಿಂದ ಬೀಜ ಬಿಡಿಸುವ ಯಂತ್ರಗಳು ಎರಡು ಸಾಲಾಗಿ ನಿಂತ ಉದ್ದನೆಯ ಹಾಲ್, ಮೇಲೆ ಕರಿಬಿದ್ದ ಸಿಮೆಂಟ್ ರೇಕು. ಮಿಲ್ಲು ನಡೆಸುವವರು ಒಬ್ಬ ಹೆಣ್ಣುಮಗಳು. ಕೂಲಿಯವರಿಂದ ಹಿಡಿದು ದಲಾಲಿಗಳವರೆಗೆ ಎಲ್ಲರೂ ಅವರನ್ನು ಅಮ್ಮಾರು ಅನ್ನುತ್ತಿದ್ದರು. ಮಳೆಗಾಲ ಮುಗಿಯುತ್ತ ಬಂದಿತ್ತು. ದಸರೆಯ ದಿನ ಯಂತ್ರಗಳಿಗೆ ಪೂಜೆ ಮಾಡಿ, ಆ ವರ್ಷದ ಮೊದಲ ಹತ್ತಿ ಹಾಕಿ ಮಿಲ್ಲು ಚಾಲೂ ಮಾಡುವುದು ಅಲ್ಲಿನ ರೂಢಿ. ಅದಕ್ಕೆ ಮುಹೂರ್ತ ಅನ್ನುತ್ತಾರೆ. ಆ ಹತ್ತಿ ಪ್ರತಿ ವರ್ಷವೂ ಒಂದೇ ರೈತನ ಮನೆಯಿಂದ ಬಂಡಿ ತುಂಬ ಬರುತ್ತಿತ್ತು. ಹಾಲಿನ ಪಕ್ಕದ ಕೋಣೆಯಲ್ಲಿ ಮಡಿಬಟ್ಟೆ ಹಾಸಿ, ಅದರ ಮೇಲೆ ಸುರಿದು, ಅರಿಸಿನ ಕುಂಕುಮ ಹಾಕಿ ಇಟ್ಟುಬಿಡುತ್ತಿದ್ದರು. ಪೂಜೆ ಆಗುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ, ಆ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ನಾವು ಕೆಲಸಕ್ಕೆ ಇಳಿದಾಗ ಆ ಹತ್ತಿ ಆಗಲೇ ಬಂದು ಕೂತಿತ್ತು.

"ಹಳೇ ರೇಕು ಕೀಳಂಗಿಲ್ಲ ನೋಡಪಾ," ಅಂದರು ಅಮ್ಮಾರು ಮೊದಲ ದಿನವೇ. "ಕಿತ್ತಿದ್ರ ಆ ಪುಡಿ ಎಲ್ಲಾ ನನ್ನ ಮಷಿನ್ ಮ್ಯಾಲೆ ಬೀಳ್ತೈತಿ. ದಸರಾಕ್ಕ ಮಿಲ್ಲು ತಿರುಗ್ಲೇಬೇಕು. ಹಳೇದರ ಮ್ಯಾಲೇ ತಗಡು ಹೊದಿಸಿಬಿಡು."

ಅದು ತಪ್ಪು ಮಾತೇನಲ್ಲ. ಹೀಗೆ ಬಹಳ ಕಡೆ ಮಾಡುತ್ತಾರೆ, ನಾನೂ ಮಾಡಿದ್ದೇನೆ. ಬಣ್ಣದ ತಗಡು ಹಗುರ, ಮಳೆಗೆ ಜಗ್ಗುವುದಿಲ್ಲ. ಆದರೆ ಬೆಳಗಿನ ತಂಪಿಗೆ ತಗಡಿನ ಒಳಮೈ ಬೆವರಿ ತೊಟ್ಟಿಕ್ಕುತ್ತದೆ, ಹತ್ತಿಗೆ ಆ ನೀರು ಆಗದು. ಫೋಮ್ ಅಂಟಿಸಿದ ತಗಡು ಬೆವರದು, ಆದರೆ ಅರಳೆ ಹಾರಾಡುವ ಜಾಗದಲ್ಲಿ ಒಂದು ಕಿಡಿ ಬಿದ್ದರೆ ಫೋಮ್ ಹೊತ್ತಿಕೊಳ್ಳುತ್ತದೆ. ಹಳೆಯ ರೇಕು ಕೆಳಗೇ ಉಳಿದರೆ ಬೆವರನ್ನು ಅದೇ ತಡೆಯುತ್ತದೆ. ಎಲ್ಲಾ ಲೆಕ್ಕ ಸರಿಯಿತ್ತು. ಉಳಿದಿದ್ದು ಒಂದೇ ಪ್ರಶ್ನೆ: ಹೊಸ ತಗಡಿನ ಸ್ಕ್ರೂ ಹಳೆಯ ರೇಕನ್ನು ತೂರಿ ಹೋಗಿ ಕಚ್ಚಿಕೊಳ್ಳುವುದು ಪರ್ಲಿನ್‌ಗೆ. ಆ ಪರ್ಲಿನ್ ಗಟ್ಟಿ ಇದೆಯೇ?

ಗೋಡೆಯ ಪಕ್ಕ ಏಣಿ ಇಟ್ಟು ಸುತ್ತಿಗೆಯಿಂದ ತಟ್ಟಿ ನೋಡಿದೆ. ಗಂಟೆಯ ಹಾಗೆ ಖಣಖಣ ಅಂದಿತು. ಹಾಲಿನ ನಡುಭಾಗಕ್ಕೆ ಮಾತ್ರ ಏಣಿ ಹೋಗುತ್ತಿರಲಿಲ್ಲ, ಕೆಳಗೆಲ್ಲ ಯಂತ್ರಗಳು. ಅಲ್ಲಿನ ಪರ್ಲಿನ್‌ಗಳ ಮೇಲೆ ವರ್ಷಗಳ ಅರಳೆ ಧೂಳು ಕಂಬಳಿಯಂತೆ ಕೂತಿತ್ತು. "ಮಷಿನ್ ಮೇಲೆ ಹಲಗಿ ಹಾಕಿ ಅಟ್ಟಣಿಗಿ ಕಟ್ಟಿಕೊಡ್ರಿ, ಆ ಧೂಳು ಕೆರೆದು ನೋಡಬೇಕು," ಎಂದು ಮಿಲ್ಲಿನ ಫಿಟ್ಟರನಿಗೆ ಹೇಳಿದೆ. ಫಿಟ್ಟರ್ ಅಲ್ಲೇ ತಲೆ ನರೆಸಿಕೊಂಡ ಮನುಷ್ಯ. "ಚೂಸ್ಕುಂಟಾಲೇ, ನೋಡ್ಕೋತೀನಿ, ನಾಳೆ ಕಟ್ಟಸ್ತೀನಿ," ಅಂದ. ಅವನ ನಾಳೆ ಮರುದಿನ ಊಟದ ಹೊತ್ತಿಗೆ ಬಂತು.

ಅಷ್ಟು ಹೊತ್ತು ಕೈಕಟ್ಟಿ ಕೂರುವುದು ನಮ್ಮ ಮಾವನಿಗೆ ಆಗದ ಮಾತು. ಅಕ್ಕನ ಗಂಡನನ್ನು ನಮ್ಮ ಕಡೆ ಮಾವ ಎಂದೇ ಕರೆಯುವುದು. ಬೆಳಗ್ಗೆಯೇ ಸುಣ್ಣದ ಕಡ್ಡಿ ಹಿಡಿದು ಏಣಿಯ ಬುಡದಲ್ಲಿ ನಿಂತಿದ್ದ.

"ಗುರುತನ್ನರ ಹಾಕಿ ಬರ್ತೀನಿ ತಮ್ಮ. ಎಲ್ಲೆಲ್ಲಿ ಸ್ಕ್ರೂ ಬೀಳಬೇಕು ಅಂತ."

"ಕೆಳಗಿಂದ ನೋಡೋದು ಐತಿ ಇನ್ನಾ, ತಡಿ ಮಾವ."

"ನೀ ಕೆಳಗ ನೋಡು, ನಾ ಮ್ಯಾಲೆ ನೋಡ್ತೀನಿ. ಇಬ್ಬರೂ ಒಂದೇ ಕಡೆ ನೋಡಿದ್ರ ಕೆಲಸ ಆಗೋದು ಯಾವಾಗ?"

"ಹಗ್ಗನರ ಕಟ್ಕೋ."

"ಕಟ್ಕೋತೀನಪಾ. ಇಲ್ಲಾಂದ್ರ ನಿಮ್ಮಕ್ಕಗ ಚಾಡಿ ಹೇಳ್ತೀ." ಸೊಂಟದ ಪಟ್ಟಿ ಬಿಗಿದುಕೊಂಡು, ಉದ್ದನೆಯ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಹತ್ತಿಹೋದ. ಚಾವಣಿಯ ನೆತ್ತಿಯ ಬಳಿ ಒಂದು ಬೋಲ್ಟಿನ ತಲೆಗೆ ಹಗ್ಗದ ತುದಿ ಕಟ್ಟಿದ್ದನ್ನು ನಾನು ಅಂಗಳದಿಂದಲೇ ನೋಡಿದೆ. ಅಲ್ಲಿಗೆ ನನ್ನ ಮನಸ್ಸು ನಿರಾಳವಾಯಿತು.

ಅಟ್ಟಣಿಗೆ ಸಿದ್ಧವಾದಾಗ ನಾನು ಹಾಲಿನ ನಡುವೆ ಹತ್ತಿ ನಿಂತೆ. ಆ ಕಡೆಯ ಸಾಲಿನಲ್ಲಿ ಫಿಟ್ಟರ್ ಒಂದು ಯಂತ್ರ ಓಡಿಸಿ ಪರೀಕ್ಷೆ ಮಾಡುತ್ತಿದ್ದ, ಇಡೀ ಹಾಲ್ ಗುಂಯ್ ಅನ್ನುತ್ತಿತ್ತು. ಪರ್ಲಿನ್ ಮೇಲಿನ ಅರಳೆ ಧೂಳನ್ನು ಕೈಯಿಂದ ಬಳಿದು ತೆಗೆದೆ. ಬೋಲ್ಟು ಕೆಳಗಿಳಿದ ಜಾಗದಲ್ಲಿ ಏನೋ ಕಪ್ಪಗೆ ಬತ್ತಿಯ ಹಾಗೆ ಜೋತುಬಿದ್ದಿತ್ತು. ಹಿಡಿದು ಎಳೆದೆ. ಡಾಂಬರು ಮೆತ್ತಿದ ಹತ್ತಿಯ ಉಂಡೆ. ಹಿಂಡಿದರೆ ಬೆರಳ ಸಂದಿಯಿಂದ ನೀರು ಇಳಿಯಿತು. ಅದರ ಜೊತೆಗೆ ಕೆಂಪು ತುಕ್ಕಿನ ಪದರವೊಂದು ಕಳಚಿ ನನ್ನ ಮುಖದ ಮೇಲೆ ಬಿತ್ತು.

ಜೇಬಿನ ಸ್ಕ್ರೂಡ್ರೈವರ್ ತೆಗೆದು ಪರ್ಲಿನ್‌ಗೆ ಒತ್ತಿದೆ. ಬೆಲ್ಲದ ಅಚ್ಚಿಗೆ ಕಡ್ಡಿ ಚುಚ್ಚಿದ ಹಾಗೆ ಸಲೀಸಾಗಿ ಆಚೆ ಬಂತು. ಪಕ್ಕದ ಬೋಲ್ಟಿನ ಬಳಿ ಒತ್ತಿದೆ, ಅಲ್ಲೂ ಅಷ್ಟೇ. ಅದರಾಚೆಯದೂ ಅಷ್ಟೇ. ಬೋಲ್ಟುಗಳ ನಡುವೆ ಕಬ್ಬಿಣ ಗಟ್ಟಿಯಿತ್ತು, ಬೋಲ್ಟು ಇದ್ದಲ್ಲಿ ಮಾತ್ರ ಸತ್ತುಹೋಗಿತ್ತು.

ಫಿಟ್ಟರನನ್ನು ಕೈಬೀಸಿ ಕರೆದು ಆ ಉಂಡೆ ತೋರಿಸಿದೆ. "ಏನಿದು?"

"ಹತ್ತಿ ಗುಳಗಿ," ಅಂದ, ಹೆಮ್ಮೆಯಿಂದಲೇ. "ಬೋಲ್ಟಿನ ತೂತಿನಾಗ ಸೋರ್ತಿತ್ತು. ಪ್ರತಿ ವರ್ಷ ಮಳಿ ಮುಂದ ಡಾಂಬರನಾಗ ಅದ್ದಿ ನಾನ ತುರುಕ್ತೀನಿ. ಈ ಮಿಲ್ಲಿನಾಗ ಹತ್ತಿ ಮ್ಯಾಲೆ ಒಂದು ಹನಿ ಬಿದ್ದಿದ್ದು ತೋರಿಸು ನೋಡಾಮು."

ಹನಿ ಬೀಳುವುದಾದರೂ ಹೇಗೆ? ಎಲ್ಲವನ್ನೂ ಆ ಹತ್ತಿಯೇ ಕುಡಿದುಕೊಂಡಿತ್ತು. ಮೇಲೆ ಡಾಂಬರಿನ ಮುಚ್ಚಳ, ಬಿಸಿಲು ತಾಗಿ ಒಣಗುವ ಮಾತೇ ಇಲ್ಲ. ಕುಡಿದ ನೀರನ್ನು ವರ್ಷವಿಡೀ ಕಬ್ಬಿಣಕ್ಕೆ ಒತ್ತಿ ಹಿಡಿದು ಕೂತಿತ್ತು. ಬೇರೆ ಯಾವ ಕಟ್ಟಡದಲ್ಲೂ ನಾನು ಇದನ್ನು ಕಂಡಿರಲಿಲ್ಲ. ಕೈ ಚಾಚಿದರೆ ಅರಳೆ ಸಿಗುವ ಜಾಗದಲ್ಲಿ ಮಾತ್ರ ಇಂಥ ರಿಪೇರಿ ಹುಟ್ಟುತ್ತದೆ.

ಆಮೇಲೆ ನನಗೆ ಹೊಳೆಯಿತು, ಮಾವ ಮೇಲಿದ್ದಾನೆ. ಬೋಲ್ಟಿನ ಗೆರೆಯ ಮೇಲೆಯೇ ನಡೆಯುತ್ತಿದ್ದಾನೆ. ಗೆರೆ ಬಿಟ್ಟು ಅವನು ಒಂದು ಹೆಜ್ಜೆಯೂ ಇಡುವವನಲ್ಲ. ಹಗ್ಗ ಕಟ್ಟಿರುವುದೂ ಅಂಥದೇ ಬೋಲ್ಟಿಗೆ.

"ಮಷಿನ್ ಬಂದ್ ಮಾಡು," ಅಂದೆ. ಫಿಟ್ಟರ್ ನನ್ನ ಮುಖ ನೋಡಿ ಏನೂ ಕೇಳದೆ ಓಡಿದ. ಗುಂಯ್‌ಗುಡುವುದು ನಿಂತಿತು. ಆಗ ಮೇಲೆ ಹೆಜ್ಜೆ ಸದ್ದು ಕೇಳಿಸಿತು. ಅವನು ಕಾಲಿಟ್ಟಲ್ಲೆಲ್ಲ ಕೆಳಗೆ ಅರಳೆ ಧೂಳು ಉದುರುತ್ತಿತ್ತು, ಅದರಿಂದಲೇ ಎಲ್ಲಿದ್ದಾನೆಂದು ತಿಳಿಯುತ್ತಿತ್ತು. ಹಾಲಿನ ನಟ್ಟನಡುವೆ, ಎರಡು ಟ್ರಸ್‌ಗಳ ಮಧ್ಯದಲ್ಲಿದ್ದ. ಟ್ರಸ್ ಅಂದರೆ ಪರ್ಲಿನ್‌ಗಳನ್ನೆಲ್ಲ ಹೊರುವ, ಗೋಡೆಯಿಂದ ನೆತ್ತಿಗೆ ಏರಿದ ದಪ್ಪ ಕಬ್ಬಿಣದ ಮುಕ್ಕೋನ. ಅದಕ್ಕೆ ಬೋಲ್ಟೂ ಇಲ್ಲ, ಹತ್ತಿಯೂ ಇಲ್ಲ, ಅದು ಗಟ್ಟಿಯಾಗಿತ್ತು. ಆದರೆ ಮೇಲಿದ್ದವನಿಗೆ ಟ್ರಸ್ ಎಲ್ಲಿದೆಯೆಂದು ಕಾಣುವುದಿಲ್ಲ. ಅದು ಕಾಣುತ್ತಿದ್ದುದು ಕೆಳಗಿದ್ದ ನನಗೆ.

ಕೂಗಿದರೆ ಗಾಬರಿಯಿಂದ ತಿರುಗಿ ಬೀಳುತ್ತಾನೆ ಎಂದು ದನಿ ತಗ್ಗಿಸಿಯೇ ಕರೆದೆ. "ಮಾವ, ನಿಂತಲ್ಲೇ ನಿಂತ್ಕೋ. ಕಾಲು ಎತ್ತಬ್ಯಾಡ."

"ಯಾಕ, ಹಾವು ಬಂತೇನು?"

"ಬೋಲ್ಟಿನ ಕೆಳಗ ಕಬ್ಬಿಣ ಇಲ್ಲ. ಕೊಳೆತು ಹೋಗೈತಿ. ಮೆಲ್ಲಗ ಮಕಾಡೆ ಮಲಕ್ಕೋ."

ಸ್ವಲ್ಪ ಹೊತ್ತಿನ ಮೇಲೆ ಧೂಳು ಉದ್ದಕ್ಕೆ ಉದುರಿತು. ಮಲಗಿದ್ದ.

ಅಷ್ಟರಲ್ಲಿ ಅಮ್ಮಾರು ಬಂದರು. ಹಾಲ್ ಗುಡಿಸಲು ಬಂದಿದ್ದ ಹೆಂಗಸರೂ ಪೊರಕೆ ಹಿಡಿದು ಬಾಗಿಲಲ್ಲಿ ನಿಂತರು. ನಾನು ಎರಡು ಮಾತಿನಲ್ಲಿ ವಿಷಯ ಹೇಳಿದೆ. "ಕೆಳಗ ಏನರ ಮೆತ್ತಂದು ಹಾಕಬೇಕ್ರೀ. ಹತ್ತಿ ಮೂಟಿ ಅದಾವೇನು?"

"ಸೀಸನ್ ಇನ್ನಾ ಶುರು ಆಗಿಲ್ಲ, ಎಲ್ಲಿ ಮೂಟಿ? ಖಾಲಿ ಚೀಲ ಅದಾವ," ಅಂದ ಫಿಟ್ಟರ್. ಅಂದವನು ಪಕ್ಕದ ಕೋಣೆಯ ಕಡೆ ನೋಡಿದ, ಕೂಡಲೇ ಕಣ್ಣು ಕೆಳಗೆ ಹಾಕಿದ. ಅಲ್ಲಿದ್ದವರಿಗೆಲ್ಲ ಮುಹೂರ್ತದ ಹತ್ತಿ ನೆನಪಾಗಿತ್ತು. ಅದನ್ನು ತರೋಣ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ನನ್ನ ಮಾವನೇ ಮೇಲಿದ್ದರೂ ನನಗೂ ಇರಲಿಲ್ಲ, ಸತ್ಯ ಹೇಳುತ್ತೇನೆ.

ಅಮ್ಮಾರು ಚಪ್ಪಲಿ ಬಿಟ್ಟು ಕೋಣೆಯೊಳಗೆ ಹೋದರು. ಹೊರಗೆ ಬಂದಾಗ ತೋಳು ತುಂಬ ಹತ್ತಿ ಇತ್ತು, ಸೆರಗಿಗೆಲ್ಲ ಕುಂಕುಮ ಮೆತ್ತಿತ್ತು. ಎರಡು ಸಾಲು ಯಂತ್ರಗಳ ನಡುವಿನ ದಾರಿಯಲ್ಲಿ ಅದನ್ನು ಸುರಿದರು. "ಏಂ ಚೂಸ್ತಾರು, ಏನು ನೋಡ್ತೀರಿ ನಿಂತು? ಎತ್ತಿ ತರ್ರಿ," ಅಂದರು. ಹೆಂಗಸರು ಪೊರಕೆ ಬಿಸಾಕಿ ಓಡಿದರು. ಮಡಿಬಟ್ಟೆಯ ಸಮೇತ ಜೋಳಿಗೆ ಮಾಡಿ ಹೊತ್ತು ತಂದರು.

ನಾನು ಅಟ್ಟಣಿಗೆಯ ಮೇಲೆ ಟ್ರಸ್ಸಿನ ಬಳಿ ಹೋಗಿ ನಿಂತೆ. ಒಂದು ಬಿದಿರು ಕೋಲಿನಿಂದ, ಟ್ರಸ್ಸಿಗೆ ತಗುಲಿದ ಹಾಗೆ, ರೇಕನ್ನು ಕೆಳಗಿನಿಂದ ಬಡಿದೆ. "ಮಾವ, ಈ ಸದ್ದು ಬಂದ ಕಡೆ ತೆವಳು. ಇದರ ಕೆಳಗ ಟ್ರಸ್ ಐತಿ."

"ಅಲ್ಲಿ ಬೋಲ್ಟು ಇಲ್ಲೋ."

"ಇಲ್ಲ. ಅದಕ್ಕ ಅಲ್ಲಿಗೆ ಬಾ ಅಂತೀನಿ."

"ಬೋಲ್ಟು ಬಿಟ್ಟು ಹೋಗು ಅಂತೀ? ನಿನಗ ಕಲಿಸಿದವ ಯಾರು?"

"ನೀನ ಕಲಿಸಿದ್ದು ಮಾವ. ನೀ ಹೇಳಿದ್ದು ಸುಳ್ಳಲ್ಲ. ಈ ಮಿಲ್ಲಿನಾಗ ಅದು ಉಲ್ಟಾ ಆಗೈತಿ. ನಾ ಕೆಳಗಿಂದ ಕಣ್ಣಾರೆ ನೋಡಾಕತ್ತೀನಿ, ನಿನಗ ಕಾಣಂಗಿಲ್ಲ." ಕೋಲನ್ನು ಮತ್ತೊಮ್ಮೆ ಬಡಿದೆ. "ಅಕ್ಕಗ ನಾ ಏನು ಹೇಳ್ಲಿ, ಅದನ್ನರ ಹೇಳು."

ಆ ಮನುಷ್ಯ ಜೀವಮಾನವಿಡೀ ನಂಬಿ ನಡೆದಿದ್ದು ಒಂದೇ ಗೆರೆಯನ್ನು. ಅದನ್ನು ಬಿಡು ಎಂದು, ಅವನ ಮುಂದೆ ಬೆಳೆದವನು ಕೆಳಗೆ ನಿಂತು ಹೇಳುತ್ತಿದ್ದ. ನಾನು ಕೋಲು ಬಡಿಯುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಉದುರುವ ಧೂಳು ಗೆರೆಯಿಂದ ಸರಿದು ನನ್ನ ಕಡೆ ಬರತೊಡಗಿತು.

ಟ್ರಸ್ಸಿಗೆ ಇನ್ನೇನು ಒಂದು ಮಾರು ಇರುವಾಗ ಪರ್ಲಿನ್ ಮುರಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ, ಒಣಕಟ್ಟಿಗೆ ಲಟಕ್ ಅಂದಷ್ಟೇ. ರೇಕು ಎರಡು ಹೋಳಾಗಿ ಕೆಳಗೆ ಬಂತು, ಹಾಲಿನ ತುಂಬ ಧೂಳೆದ್ದಿತು. ಆ ಧೂಳಿನಲ್ಲಿ ನನಗೆ ಮೊದಲು ಕಂಡಿದ್ದು ಮಾವನ ಕಾಲುಗಳು. ರೇಕು ಕುಸಿದಾಗ ಮುಂದಕ್ಕೆ ಜಿಗಿದು, ಎರಡೂ ಕೈಗಳಿಂದ ಟ್ರಸ್ ತಬ್ಬಿ ನೇತಾಡುತ್ತಿದ್ದ. ಅವನು ಹಿಡಿದ ಜಾಗ ಅಟ್ಟಣಿಗೆಯಿಂದಾಚೆ, ಯಂತ್ರಗಳ ನಡುವಿನ ದಾರಿಯ ಮೇಲಿತ್ತು, ನನಗೆ ಕೈ ಎಟುಕುತ್ತಿರಲಿಲ್ಲ. ಮುರಿದ ಪರ್ಲಿನ್ನಿನ ತುದಿಯೊಂದು ಅವನ ಹಗ್ಗಕ್ಕೆ ಸಿಕ್ಕಿ ತಲೆಯ ಮೇಲೆ ತೂಗುತ್ತಿತ್ತು.

ಅವನೇ ಮೈಯನ್ನು ಮೇಲೆ ಎಳೆದುಕೊಳ್ಳಲಿ ಎಂದರೆ ಒಂದು ಭುಜ ಆಗಲೇ ಜಾರಿಹೋಗಿತ್ತು, ಮುಖ ಕಪ್ಪಿಟ್ಟಿತ್ತು. ಹಗ್ಗ ಹಾಗೇ ಇದ್ದರೆ ಬೀಳುವಾಗ ಆ ಕಬ್ಬಿಣವನ್ನು ಮೈಮೇಲೆ ಎಳೆದುಕೊಳ್ಳುತ್ತಾನೆ. ಕೆಳಗೆ ನೋಡಿದೆ. ಹತ್ತಿ ಎದೆಮಟ್ಟ ಇತ್ತು. ಹೆಂಗಸರು ಇನ್ನೂ ತರುತ್ತಿದ್ದರು.

"ಮಾವ, ಹಗ್ಗದ ಕೊಕ್ಕೆ ಬಿಚ್ಚು."

"ಹಗ್ಗ ಬಿಚ್ಚಂತೀಯೇನೋ."

"ಬಿಚ್ಚು. ಆಮ್ಯಾಲೆ ಕೈ ಬಿಡು. ಕೆಳಗ ಹತ್ತಿ ಐತಿ."

"ಯಾವ ಹತ್ತಿ?"

ಉತ್ತರ ಕೊಟ್ಟವರು ಅಮ್ಮಾರು. "ಮುಹೂರ್ತದ್ದು. ಬಿಡಪಾ, ಏಮೀ ಕಾದು, ಏನೂ ಆಗಂಗಿಲ್ಲ."

ಅವನು ನನ್ನ ಕಡೆ ನೋಡಿದ. ಅಂಥ ನೋಟವನ್ನು ಆ ಮನುಷ್ಯನಲ್ಲಿ ನಾನು ಎಂದೂ ಕಂಡಿರಲಿಲ್ಲ, ಮಗುವಿನ ಹಾಗಿತ್ತು. ಒಂದು ಕೈ ಬಿಟ್ಟು ಸೊಂಟದ ಕೊಕ್ಕೆ ಕಳಚಿದ. ಆಮೇಲೆ ಇನ್ನೊಂದು ಕೈಯನ್ನೂ ಬಿಟ್ಟ.

ಹತ್ತಿಯೊಳಗೆ ಪೂರ್ತಿ ಮುಳುಗಿಹೋದ. ನಾನು ಅಟ್ಟಣಿಗೆಯಿಂದ ಹೇಗೆ ಇಳಿದೆನೋ ನೆನಪಿಲ್ಲ. ಎರಡೂ ಕೈಯಿಂದ ಹತ್ತಿ ಬಗೆಯುವಾಗ ಒಳಗಿನಿಂದ ಕೆಮ್ಮು ಕೇಳಿಸಿತು. ತಲೆ ಹೊರಗೆ ಬಂತು, ಮೀಸೆಗೆಲ್ಲ ಅರಳೆ, ಹಣೆಗೆ ಮುಹೂರ್ತದ ಕುಂಕುಮ. "ಹೆಗಲು ಹೋತು ನೋಡು," ಅಂದ. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅಮ್ಮಾರು ನೀರು ತರಿಸಿ ಮೊದಲು ನನಗೆ ಕುಡಿಸಿದರು.

ಹೆಗಲು ಜಾರಿ ಮೂಳೆ ಮುರಿದಿತ್ತು, ಬೇರೆ ಏನೂ ಆಗಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮಾರ ಮುಂದೆ ಹೋಗಿ, ಹಳೆಯದರ ಮೇಲೆ ಹೊಸದು ಹೊದಿಸುವುದು ಆಗದು, ಎಲ್ಲವನ್ನೂ ಕೀಳಬೇಕು ಎಂದೆ. ಹೂಂ ಎಂದರು, ದಸರೆಯ ಮಾತೇ ಎತ್ತಲಿಲ್ಲ. ಯಂತ್ರಗಳಿಗೆಲ್ಲ ತಾಡಪಾಲು ಹೊದಿಸಿದೆವು. ಪುಡಿ ಏಳದ ಹಾಗೆ ರೇಕುಗಳಿಗೆ ನೀರು ಹೊಡೆದು, ಒಡೆಯದೆ ಒಂದೊಂದಾಗಿ ಇಳಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದೆವು. ಇಡೀ ಕೆಲಸವನ್ನು ಟ್ರಸ್ಸುಗಳ ಮೇಲೆ ಹಲಗೆ ಹಾಸಿಯೇ ಮಾಡಿದ್ದು. ಹೊಸ ಪರ್ಲಿನ್, ಹೊಸ ತಗಡು, ಬೆವರು ತಡೆಯಲು ತಗಡಿನ ಕೆಳಗೆ ಬೆಂಕಿ ಹಿಡಿಯದ ಗಾಜಿನ ಉಣ್ಣೆ, ಬಿಸಿಗಾಳಿ ಹೊರಗೆ ಹೋಗಲು ನೆತ್ತಿಯಲ್ಲಿ ದಾರಿ.

ದಸರೆಗೆ ಕೆಲಸ ಮುಗಿದಿರಲಿಲ್ಲ. ಪೂಜೆಯ ದಿನ ಮೇಲೆ ಬರೀ ಟ್ರಸ್ಸುಗಳು, ಅವುಗಳ ಆಚೆ ಆಕಾಶ. ಮುಹೂರ್ತದ ಹತ್ತಿಯಲ್ಲಿ ರೇಕಿನ ಚೂರು ಬೆರೆತಿದ್ದರಿಂದ ಅದನ್ನು ಯಂತ್ರಕ್ಕೆ ಹಾಕುವ ಹಾಗಿರಲಿಲ್ಲ. ಹತ್ತಿ ತಂದ ರೈತನನ್ನು ಅಮ್ಮಾರು ತಾವೇ ಕರೆಸಿ, ಕೈಮುಗಿದು ನಡೆದದ್ದೆಲ್ಲ ಹೇಳಿದರು. ಪೂಜೆಗೆ ಮುಂಚೆ ಮುಟ್ಟಿದ್ದು, ನೆಲಕ್ಕೆ ಸುರಿದದ್ದು, ಯಾವುದನ್ನೂ ಮುಚ್ಚಿಡಲಿಲ್ಲ. ಕೈಗೆ ಜೋಳಿಗೆ ಕಟ್ಟಿಕೊಂಡು ನಿಂತಿದ್ದ ಮಾವನನ್ನು ಆ ರೈತ ಮೇಲಿಂದ ಕೆಳಗೆ ನೋಡಿದ.

"ಇವರೇನು ಬಿದ್ದವರು?"

"ಹೂಂ."

"ಹಂಗಾದ್ರ ಮುಹೂರ್ತ ಅವತ್ತ ಆಗೇತಲ್ರೀ," ಅಂದು ತೆಂಗಿನಕಾಯಿ ಒಡೆಯಲು ಕೂತ.

ಫಿಟ್ಟರ್ ಬಹಳ ದಿನ ಯಾರ ಜೊತೆಗೂ ಮಾತಾಡಲಿಲ್ಲ. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಹತ್ತಿ ನೆನೆಯಬಾರದು ಎಂದೇ ಅಷ್ಟು ವರ್ಷ ದುಡಿದವನು ಅವನು. ಈಗ ಮಳೆಗಾಲದ ಮುಂಚೆ ನಾನು ಸ್ಕ್ರೂಗಳ ರಬ್ಬರ್ ಬಿಲ್ಲೆ ನೋಡಲು ಹೋದಾಗ, ಅವನೇ ಹೊಸ ಬಿಲ್ಲೆಗಳ ಪೊಟ್ಟಣ ಹಿಡಿದು ಮೊದಲು ಕೆಳಗಿನಿಂದ ಒಂದೊಂದು ಪರ್ಲಿನ್ ತೋರಿಸುತ್ತಾನೆ. ಆಮೇಲೆಯೇ ನನ್ನನ್ನು ಏಣಿಯ ಬಳಿ ಬಿಡುತ್ತಾನೆ.

ಮಾವನ ಹೆಗಲು ಕೂಡಿತು, ಆದರೆ ಕೈ ತಲೆಯಿಂದ ಮೇಲೆ ಏಳುವುದಿಲ್ಲ. ಇನ್ನು ಚಾವಣಿ ಹತ್ತಿದರೆ ಮನೆಯಲ್ಲಿ ರೊಟ್ಟಿ ಸಿಗುವುದಿಲ್ಲವೆಂದು ಅಕ್ಕ ಹೇಳಿಬಿಟ್ಟಿದ್ದಾಳೆ. ಹಾಗಂತ ಅವನು ಮನೆಯಲ್ಲಿ ಕೂತಿಲ್ಲ. ಎಮ್ಮಿಗನೂರಿನ ಗೋದಾಮಿರಲಿ, ಆದವಾನಿಯ ಇನ್ನೊಂದು ಮಿಲ್ಲಿರಲಿ, ಹಳೆಯ ರೇಕು ಎಂದರೆ ನನ್ನ ಜೊತೆ ಬರುತ್ತಾನೆ. ನಾನು ಮೇಲೆ, ಅವನು ಬಿದಿರು ಕೋಲು ಹಿಡಿದು ಕೆಳಗೆ. ಕೆಳಗಿನಿಂದ ಅವನು ಬಡಿದ ಜಾಗಕ್ಕೇ ನಾನು ಕಾಲಿಡುವುದು.

ಮೊನ್ನೆ ಒಂದು ಗೋದಾಮಿನ ನಡುವೆ ಇರುವಾಗ ಬಡಿತ ನಿಂತಿತು. ನನ್ನ ಮುಂದೆ ಬೋಲ್ಟಿನ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು, ಹೆಜ್ಜೆ ಇಡಬಹುದಿತ್ತು. ಇಡಲಿಲ್ಲ. ಬಿಸಿಲಲ್ಲಿ ಹಾಗೇ ನಿಂತು ಕಾದೆ. ಬಹಳ ಹೊತ್ತಾದ ಮೇಲೆ ಮಾವ ಎಂದು ಕರೆದೆ.

"ಎಲಿ ಅಡಿಕಿ ಹಾಕ್ಕೊಳಾಕತ್ತಿದ್ದೆ," ಅಂತ ಕೆಳಗಿನಿಂದ ದನಿ ಬಂತು. "ನಿಂತೇ ಅದೀಯೇನು?"

"ನಿಂತೀನಿ."

ನನ್ನ ಕಾಲಿನ ಮುಂದೆಯೇ ಕೋಲು ಬಡಿಯಿತು.